ಸೊಮ್ಯಾಟಿಕ್ ನೃತ್ಯ–ಚಲನೆಯ ಶಿಕ್ಷಕರಾಗಲು ತರಬೇತಿ: ಯಾವ ದಾರಿ, ಎಷ್ಟು ಗಂಟೆ, ಏನೇನು ಕಲಿಯಬೇಕು?

ಹಗುರಹೆಜ್ಜೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷ ನೃತ್ಯ ಕಲಿಸಿದವರು ಸೊಮ್ಯಾಟಿಕ್ (ಮೈಯನ್ನು ಒಳಗಿನಿಂದ ಗಮನಿಸುತ್ತಾ ಕಲಿಯುವ) ನೃತ್ಯ–ಚಲನೆಯ ಶಿಕ್ಷಕರಾಗಬೇಕಾದರೆ ಯಾವ ದಾರಿ ಹಿಡಿಯಬೇಕು? ಹುಡುಕುತ್ತಾ ಹೋದರೆ ಎರಡು ದಿನದ ಸರ್ಟಿಫಿಕೇಟಿಗೂ ಅದೇ ಹೆಸರು, ನಾಲ್ಕು ವರ್ಷದ ತರಬೇತಿಗೂ ಅದೇ ಹೆಸರು. ಯಾವ ಪರಂಪರೆ ಹಿಡಿಯಬೇಕು, ಎಷ್ಟು ಗಂಟೆ ಬೇಕು, ಅಂಗರಚನೆ ಎಷ್ಟು ಓದಬೇಕು, ಇವು ಮೊದಲ ಪ್ರಶ್ನೆಗಳು.

ಎರಡನೆಯದು ಕಲಿಸುವ ರೀತಿಯ ಬಗ್ಗೆ. ಮಾಡಿ ತೋರಿಸಿದ ಕೂಡಲೇ ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ತೋರಿಸದೆ ‘ಕಣ್ಣು ಮುಚ್ಚಿ ಒಳಗೆ ಗಮನಿಸಿ’ ಅಂದರೆ ಕೆಲವರು ನಿದ್ದೆ ಹೋಗುತ್ತಾರೆ, ಉಳಿದವರು ಪ್ರತಿ ನಿಮಿಷಕ್ಕೂ ‘ಇದು ಸರಿಯಾ?’ ಅಂತ ಕೇಳುತ್ತಾರೆ. ಬೆನ್ನುನೋವು, ತಲೆಸುತ್ತು ಇರುವವರು ಬಂದರೆ ನಮ್ಮ ಕೆಲಸ ಎಲ್ಲಿಗೆ ನಿಲ್ಲಬೇಕು ಎನ್ನುವುದೂ ಗೊತ್ತಾಗಬೇಕು. ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.


ನೆಲದಾಸರೆ

ಮೊದಲು ಹೆಸರಿನ ಗೊಂದಲ ಬಿಡಿಸೋಣ. ‘ಸೊಮ್ಯಾಟಿಕ್ಸ್’ ಅನ್ನುವ ಮಾತು ಈ ಕ್ಷೇತ್ರಕ್ಕೆ ಅಂಟಿದ್ದು 1970ರ ದಶಕದಲ್ಲಿ, ಥಾಮಸ್ ಹ್ಯಾನಾ ಅವರಿಂದ. ಗ್ರೀಕಿನಲ್ಲಿ ‘ಸೋಮಾ’ ಅಂದರೆ ದೇಹ. ಹ್ಯಾನಾ ಅದನ್ನು ಒಳಗಿನಿಂದ ಅರಿವಿಗೆ ಬರುವ ಮೈ ಎಂಬ ಅರ್ಥದಲ್ಲಿ ಬಳಸಿದರು. ಕನ್ನಡಿಯಲ್ಲಿ ಕಾಣುವುದು ದೇಹ, ಕತ್ತಲಲ್ಲೂ ‘ನನ್ನ ಮೊಣಕೈ ಇಲ್ಲಿದೆ’ ಅಂತ ತಿಳಿಯುತ್ತದಲ್ಲ, ಅದು ಸೋಮಾ. ಹೆಸರು ಬರುವ ಎಷ್ಟೋ ಮೊದಲೇ ಕೆಲಸ ನಡೆದಿತ್ತು. ವೇದಿಕೆಯ ಮೇಲೆ ದನಿ ಕಟ್ಟುತ್ತಿದ್ದುದಕ್ಕೆ ಕಾರಣ ಹುಡುಕುತ್ತಾ ಹೋದ ಎಫ್. ಎಂ. ಅಲೆಕ್ಸಾಂಡರ್ (1869–1955), ಭೌತವಿಜ್ಞಾನವನ್ನೂ ಜೂಡೋವನ್ನೂ ಬಲ್ಲ ಮೋಶೆ ಫೆಲ್ಡನ್‌ಕ್ರೈಸ್ (1904–1984), ಚಲನೆಯನ್ನು ವಿಶ್ಲೇಷಿಸುವ ಪದ್ಧತಿ ಕಟ್ಟಿದ ರುಡಾಲ್ಫ್ ಲಾಬಾನ್ ಅವರ ಶಿಷ್ಯೆಯಾಗಿ ನೃತ್ಯ ಕಲಿತು ಆಮೇಲೆ ಫಿಸಿಯೋಥೆರಪಿಗೆ ಬಂದು ಪೋಲಿಯೋ ರೋಗಿಗಳ ಜೊತೆ ಕೆಲಸ ಮಾಡಿದ ಇರ್ಮ್‌ಗಾರ್ಡ್ ಬಾರ್ಟೆನಿಯೆಫ್ (1900–1981), ಇವರೆಲ್ಲ ಬೇರೆಬೇರೆ ಬಾಗಿಲಿಂದ ಒಂದೇ ಅಂಗಳಕ್ಕೆ ಬಂದವರು.

ನೃತ್ಯದ ಹಿನ್ನೆಲೆ ಇರುವವರಿಗೆ ನಾನು ಮೊದಲು ಹೇಳುವುದು ಲಾಬಾನ್–ಬಾರ್ಟೆನಿಯೆಫ್ ದಾರಿ. ಅದರಲ್ಲಿ ಆರು ಮೂಲ ಅಭ್ಯಾಸಗಳಿವೆ: ತೊಡೆ ಎತ್ತುವುದು, ಕಟಿಯನ್ನು (ಪೆಲ್ವಿಸ್, ಸೊಂಟದ ಕೆಳಗಿನ ಮೂಳೆಬುಟ್ಟಿ) ಮುಂದಕ್ಕೆ ಸಾಗಿಸುವುದು, ಪಕ್ಕಕ್ಕೆ ಸಾಗಿಸುವುದು, ಮೈಯ ಎಡ–ಬಲ ಅರ್ಧಗಳು, ಮೊಣಕಾಲನ್ನು ಓರೆಯಾಗಿ ವಾಲಿಸುವುದು, ತೋಳಿನ ವೃತ್ತ. ಎಲ್ಲವೂ ನೆಲದ ಮೇಲೆ ಶುರುವಾಗುತ್ತವೆ, ಆದರೆ ಗುರಿ ಎದ್ದು ಜಾಗ ದಾಟುವುದೇ. ಜೊತೆಗೆ ಲಾಬಾನ್ ಕೊಟ್ಟ ನಾಲ್ಕು ಅಂಶಗಳು (ಭಾರ, ಜಾಗ, ಕಾಲ, ಹರಿವು) ಕಂಡದ್ದನ್ನು ಹೇಳಲು ಮಾತು ಕೊಡುತ್ತವೆ. ‘ಚೆನ್ನಾಗಿದೆ’ ಅನ್ನುವ ಬದಲು ‘ಭಾರ ಹಗುರ, ಕಾಲ ದಿಢೀರ್, ಹರಿವು ಬಿಗಿ’ ಅನ್ನಬಹುದು. ಬಾನಿ ಬೈನ್‌ಬ್ರಿಜ್ ಕೋಹೆನ್ ಅವರು 1973ರಲ್ಲಿ ಶಾಲೆ ಕಟ್ಟಿ ಬೆಳೆಸಿದ ಬಾಡಿ–ಮೈಂಡ್ ಸೆಂಟರಿಂಗ್ ಇನ್ನೊಂದು ದಾರಿ. ಮೂಳೆ, ಸ್ನಾಯು, ಒಳಾಂಗ, ದ್ರವ, ಮಗುವಿನ ಚಲನೆಯ ಬೆಳವಣಿಗೆ ಎಲ್ಲವೂ ಅದರಲ್ಲಿ ಬರುತ್ತವೆ, ಬಹಳ ಶ್ರೀಮಂತ. ಕಲ್ಪನೆ ಎಲ್ಲಿ ಮುಗಿಯಿತು, ಅನುಭವ ಎಲ್ಲಿ ಶುರುವಾಯಿತು ಎಂದು ಬಿಡಿಸಿ ನೋಡುವ ಶಿಸ್ತು ಇಲ್ಲದಿದ್ದರೆ ಮಾತ್ರ ಕಾಲು ಜಾರುತ್ತದೆ. ಫೆಲ್ಡನ್‌ಕ್ರೈಸ್ ತರಬೇತಿಯಲ್ಲಿ ನೃತ್ಯ ಕಡಿಮೆ. ಆದರೆ ಬರೀ ಮಾತಿನಿಂದ ಒಂದು ಗುಂಪನ್ನು ನಡೆಸುವುದು ಹೇಗೆ ಎನ್ನುವುದನ್ನು ಅಷ್ಟು ಕರಾರುವಾಕ್ಕಾಗಿ ಕಲಿಸುವ ಜಾಗ ಇನ್ನೊಂದಿಲ್ಲ.

ಗಂಟೆಯ ಲೆಕ್ಕ ಹೀಗಿದೆ. ಅಲೆಕ್ಸಾಂಡರ್ ಟೆಕ್ನಿಕ್‌ನ ಸಾಂಪ್ರದಾಯಿಕ ತರಬೇತಿ 3 ವರ್ಷ, 1600 ಗಂಟೆ. ಫೆಲ್ಡನ್‌ಕ್ರೈಸ್ ಸುಮಾರು 800 ಗಂಟೆ, 3ರಿಂದ 4 ವರ್ಷಗಳಿಗೆ ಹರಡಿರುತ್ತದೆ. ಅರ್ಧ ದಾಟಿದ ಮೇಲೆ ಗುಂಪು ಪಾಠ ಮಾಡಲು ಅನುಮತಿ ಸಿಗುತ್ತದೆ. ಬೇರೆಬೇರೆ ಪರಂಪರೆಗಳನ್ನು ಒಂದೇ ಸೂರಿನಡಿ ತರುವ ಅಂತರರಾಷ್ಟ್ರೀಯ ವೃತ್ತಿ ಸಂಘ ಇಸ್ಮೆಟಾ (1988ರಲ್ಲಿ ಶುರುವಾದದ್ದು) ನೋಂದಣಿಗೆ ಕೇಳುವುದು 500 ಗಂಟೆಯ ತರಬೇತಿ. ಆದ್ದರಿಂದ 500ರ ಹತ್ತಿರಕ್ಕೂ ಬಾರದ ಯಾವುದನ್ನಾದರೂ ಪರಿಚಯ ಶಿಬಿರ ಅಂತಲೇ ತಿಳಿಯಿರಿ. ಪರಿಚಯ ಶಿಬಿರ ಕೆಟ್ಟದ್ದಲ್ಲ, ಆದರೆ ಅದರ ಮೇಲೆ ತರಗತಿ ಶುರು ಮಾಡಬಾರದು.

ಕೋರ್ಸಿನವರನ್ನು ಇಷ್ಟು ಕೇಳಿ: ಎದುರೆದುರು ಇರುವ ಗಂಟೆ ಎಷ್ಟು, ರೆಕಾರ್ಡಿಂಗ್ ನೋಡುವ ಗಂಟೆ ಎಷ್ಟು? ನಾನು ಕಲಿಸುವುದನ್ನು ಹಿರಿಯ ಶಿಕ್ಷಕರು ಕೂತು ನೋಡಿ ಮಾತಾಡುವುದು ಎಷ್ಟು ಸಲ? ಒಬ್ಬೊಬ್ಬರಿಗೇ ಪಾಠ ಸಿಗುತ್ತದೆಯೇ? ದೂರು ಇದ್ದರೆ ಯಾರಿಗೆ ಕೊಡಬೇಕು, ಆ ಕ್ರಮ ಬರಹದಲ್ಲಿದೆಯೇ? ಮುಗಿದ ಮೇಲೆ ಯಾವ ಹೆಸರಿನಿಂದ ಕರೆದುಕೊಳ್ಳಬಹುದು? ಇವುಗಳಲ್ಲಿ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರವೇ ನಿರ್ಣಾಯಕ. 500 ಗಂಟೆಯೂ ನೆಲದ ಮೇಲೆ ಮಲಗಿ ಅನುಭವಿಸಿದ್ದೇ ಆದರೆ ನೀವು ಒಳ್ಳೆಯ ವಿದ್ಯಾರ್ಥಿಯಾಗಿ ಹೊರಬರುತ್ತೀರಿ, ಶಿಕ್ಷಕರಾಗಿ ಅಲ್ಲ.

ಇನ್ನೊಂದು ಗೆರೆ ಈಗಲೇ ಎಳೆದುಕೊಳ್ಳಿ. ನೃತ್ಯ–ಚಲನ ಚಿಕಿತ್ಸೆ ಬೇರೆಯದೇ ವೃತ್ತಿ. 1966ರಲ್ಲಿ ಶುರುವಾದ ಅಮೆರಿಕದ ಡಾನ್ಸ್ ಥೆರಪಿ ಸಂಘ ಅದಕ್ಕೆ ಸ್ನಾತಕೋತ್ತರ ಪದವಿ ಮತ್ತು 700 ಗಂಟೆಯ ಕ್ಲಿನಿಕಲ್ ಇಂಟರ್ನ್‌ಶಿಪ್ ಕೇಳುತ್ತದೆ. ಸೊಮ್ಯಾಟಿಕ್ ಶಿಕ್ಷಕರು ಕಲಿಸುತ್ತಾರೆ, ಚಿಕಿತ್ಸೆ ಮಾಡುವುದಿಲ್ಲ. ತರಗತಿಯ ಜಾಹೀರಾತಿನಲ್ಲಿ ‘ವಾಸಿ’ ಅನ್ನುವ ಪದವೇ ಬರಕೂಡದು.


ಕೀಲುಮೂಳೆ

ಅಂಗರಚನೆ ಎಷ್ಟು ಅಂತ ಕೇಳಿದ್ದೀರಿ. 206 ಮೂಳೆಯ ಹೆಸರು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಆದರೆ ಚಲನೆ ಎಲ್ಲಿ ನಡೆಯುತ್ತದೆ ಅನ್ನುವುದು ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ ಇರಬೇಕು. ಜನರ ಮನಸ್ಸಿನಲ್ಲಿರುವ ಮೈಯ ನಕ್ಷೆ ತಪ್ಪಿದ್ದರೆ ಚಲನೆಯೂ ತಪ್ಪಿದ ಜಾಗದಲ್ಲೇ ನಡೆಯುತ್ತದೆ.

ಕನ್ನಡದಲ್ಲಿ ಕಲಿಸುವವರಿಗೆ ಇಲ್ಲೊಂದು ವಿಶೇಷ ತೊಡಕಿದೆ. ನಮ್ಮಲ್ಲಿ ‘ಸೊಂಟ’ ಅಂದರೆ ಪಟ್ಟಿ ಕಟ್ಟುವ ಜಾಗವೂ ಹೌದು, ಪಕ್ಕದ ಎಲುಬೂ ಹೌದು, ತೊಡೆ ಸೇರುವ ಕೀಲೂ ಹೌದು. ‘ಸೊಂಟದಿಂದ ಬಗ್ಗಿ’ ಅಂದರೆ ಹೆಚ್ಚಿನವರು ಬಗ್ಗುವುದು ಕೆಳಬೆನ್ನಿನಿಂದ. ನೀವು ಹೇಳಬೇಕಾದ ಜಾಗ ತೊಡೆಸಂದು. ಕೂತುಕೊಂಡು ಒಂದು ಮೊಣಕಾಲು ಎತ್ತಿದಾಗ ಮುಂದೆ ಒಂದು ಮಡಿಕೆ ಬೀಳುತ್ತದಲ್ಲ, ಅದರ ನಡುವಿನಲ್ಲಿ, ಒಳಗೆ ಆಳದಲ್ಲಿ ಆ ಕೀಲಿದೆ. ಎರಡು ಬೆರಳನ್ನು ಆ ಮಡಿಕೆಯಲ್ಲಿಟ್ಟು ‘ಬೆರಳು ಸಿಕ್ಕಿಹಾಕಿಕೊಳ್ಳುವ ಹಾಗೆ ಬಗ್ಗಿ’ ಅಂದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಹಾಗೆಯೇ ‘ಕಾಲು’ ಅಂದರೆ ಪಾದವೋ ಇಡೀ ಕಾಲೋ, ‘ಕೈ’ ಅಂದರೆ ಅಂಗೈಯೋ ಇಡೀ ತೋಳೋ ತಿಳಿಯದು. ಅಂಗಾಲು, ಹಿಮ್ಮಡಿ, ಮೀನಖಂಡ, ಮೊಣಕಾಲು, ತೊಡೆ. ಅಂಗೈ, ಮುಂಗೈ, ಮೊಣಕೈ, ರಟ್ಟೆ, ಹೆಗಲು. ನಮ್ಮಲ್ಲಿ ಇಷ್ಟೊಂದು ಒಳ್ಳೆಯ ಪದಗಳಿವೆ, ಬಿಡಿಬಿಡಿಯಾಗಿ ಬಳಸಿ.

ಇನ್ನು ಕೆಲವು ಜಾಗಗಳು ಕಡ್ಡಾಯ. ತಲೆಬುರುಡೆ ಬೆನ್ನುಮೂಳೆಯ ಮೇಲೆ ಕೂರುವುದು ಎರಡು ಕಿವಿಗಳ ನಡುವೆ, ಗಲ್ಲಕ್ಕಿಂತ ಮೇಲೆ. ಕುತ್ತಿಗೆಯ ಬುಡದಲ್ಲಿ ಅಲ್ಲ. ನಾಲ್ಕೂವರೆಯಿಂದ ಐದು ಕೆಜಿ ತೂಗುವ ತಲೆಯನ್ನು ಬುಡದಿಂದ ಆಡಿಸಿದರೆ ಕುತ್ತಿಗೆ ಸೋಲುತ್ತದೆ. ತೋಳಿಗೆ ಮುಂಡದ ಜೊತೆ ಇರುವ ಒಂದೇ ಮೂಳೆಸಂದು ಕೊರಳ ಕೆಳಗೆ, ಕಾಲರ್ ಮೂಳೆ ಎದೆಮೂಳೆಗೆ ಸೇರುವ ಕಡೆ. ಅಂದರೆ ತೋಳು ಶುರುವಾಗುವುದು ಹೆಗಲಿನಲ್ಲಿ ಅಲ್ಲ, ಎದೆಯ ನಡುವಿನಲ್ಲಿ. ಬೆನ್ನುಮೂಳೆಯಲ್ಲಿ ಕುತ್ತಿಗೆಗೆ 7, ಎದೆಗೆ 12, ಸೊಂಟಕ್ಕೆ 5 ಬಿಡಿ ಕಶೇರುಗಳು (ಬೆನ್ನಿನ ಮಣಿಮೂಳೆಗಳು). ತಿರುಗುವ ಕೆಲಸ ಬಹುಪಾಲು ಮೊದಲ ಎರಡು ಭಾಗದ್ದು. ಕೆಳಗಿನ ಐದು ತೀರಾ ಕಡಿಮೆ ತಿರುಗುತ್ತವೆ. ‘ಸೊಂಟ ತಿರುಗಿಸಿ’ ಎನ್ನುವ ಸೂಚನೆ ನೋವು ತರುವುದು ಇದೇ ಕಾರಣಕ್ಕೆ.

ನರಮಂಡಲದ ಒಂದು ನಿಯಮ ಗೊತ್ತಿದ್ದರೆ ಪಾಠದ ವೇಗ ಯಾಕೆ ನಿಧಾನ ಅನ್ನುವುದಕ್ಕೆ ಉತ್ತರ ಸಿಗುತ್ತದೆ. ಹತ್ತು ಕೆಜಿ ಚೀಲ ಹಿಡಿದ ಕೈಗೆ ಒಂದು ಚಮಚ ಸೇರಿಸಿದರೆ ಗೊತ್ತಾಗುವುದಿಲ್ಲ, ಬರಿಗೈಗೆ ಗೊತ್ತಾಗುತ್ತದೆ. ಪ್ರಯತ್ನ ಕಡಿಮೆಯಾದಷ್ಟೂ ಸಣ್ಣ ವ್ಯತ್ಯಾಸ ತಿಳಿಯುತ್ತದೆ, ವ್ಯತ್ಯಾಸ ತಿಳಿದರೆ ಮಾತ್ರ ಚಲನೆ ಬದಲಾಗುತ್ತದೆ. ‘ಅರ್ಧ ಶಕ್ತಿಯಲ್ಲಿ, ಆಮೇಲೆ ಅದರಲ್ಲಿ ಅರ್ಧ’ ಎಂದು ನಾವು ಹೇಳುವುದು ಇದಕ್ಕೇ.

ಕ್ರಿಯಾಪದದ ಬಗ್ಗೆ ಒಂದು ಮಾತು, ಇದನ್ನು ತರಬೇತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ‘ಉಸಿರು ಎಳೆದುಕೊಳ್ಳಿ’ ಅಂದ ಕ್ಷಣ ಇಡೀ ಕೋಣೆಯ ಹೆಗಲುಗಳು ಮೇಲೇಳುತ್ತವೆ, ಯಾಕೆಂದರೆ ಎಳೆಯುವುದು ಶ್ರಮದ ಕೆಲಸ. ‘ಉಸಿರು ಬರಲಿ’ ಅಂದು ನೋಡಿ. ‘ಮೊಣಕಾಲು ವಾಲಿಸಿ’ ಬದಲು ‘ಮೊಣಕಾಲು ವಾಲಲಿ’. ಕನ್ನಡದ ಈ ‘ಅಲಿ’ ರೂಪ ಆಜ್ಞೆಯೂ ಅಲ್ಲ, ಕೈಬಿಟ್ಟದ್ದೂ ಅಲ್ಲ. ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹ್ಯಾನಾ ಪದ್ಧತಿಯಲ್ಲಿ ‘ಪ್ಯಾಂಡಿಕ್ಯುಲೇಶನ್’ ಎಂಬ ದೊಡ್ಡ ಪದವಿದೆ: ಸ್ನಾಯುವನ್ನು ಬೇಕೆಂದೇ ಬಿಗಿದು, ನಿಧಾನವಾಗಿ ಬಿಡುತ್ತಾ ಬಂದು, ಕೊನೆಗೆ ಪೂರ್ತಿ ಸುಮ್ಮನಾಗುವುದು. ನಿದ್ದೆಯಿಂದೆದ್ದ ಬೆಕ್ಕು ಮಾಡುವುದು ಅದನ್ನೇ, ನಾವು ಅದಕ್ಕೆ ಮೈಮುರಿಯುವುದು ಅನ್ನುತ್ತೇವೆ. ವಿದ್ಯಾರ್ಥಿಗೆ ‘ನಿಧಾನವಾಗಿ ಮೈಮುರಿಯಿರಿ’ ಅಂದರೆ ವಿವರಣೆಯೇ ಬೇಕಿಲ್ಲ.


ಅನುಲಯ

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ನಕಲು, ನಿದ್ದೆ, ‘ಸರಿಯಾ?’ ಈ ಮೂರಕ್ಕೂ ಬೇರು ಒಂದೇ: ಗಮನ ಎಲ್ಲಿಡಬೇಕು ಅಂತ ಅವರಿಗೆ ತಿಳಿದಿಲ್ಲ. ‘ಒಳಗೆ ಗಮನಿಸಿ’ ಅನ್ನುವುದು ವಿಳಾಸವಿಲ್ಲದ ಪತ್ರ. ಒಂದು ಪಾಠವನ್ನೇ ಹತ್ತಿರದಿಂದ ನೋಡೋಣ. ಫೆಲ್ಡನ್‌ಕ್ರೈಸ್ ಪದ್ಧತಿಯ ಕಟಿಯ ಗಡಿಯಾರ ಎಲ್ಲರಿಗೂ ಗೊತ್ತಿರುವ ಪಾಠ, 40–45 ನಿಮಿಷ ಹಿಡಿಯುತ್ತದೆ.

ಅಂಗಾತ ಮಲಗಿ, ಕಾಲು ಚಾಚಿ. ಮೊದಲ ಐದು ನಿಮಿಷ ಚಲನೆಯೇ ಇಲ್ಲ, ಬರೀ ಪ್ರಶ್ನೆ. ಬಲ ಹಿಮ್ಮಡಿ ನೆಲಕ್ಕೆ ಒತ್ತುವುದು ನಡುವಿನಲ್ಲೋ ಹೊರ ಅಂಚಿನಲ್ಲೋ? ಎಡದ್ದು? ಸೊಂಟದ ಕೆಳಗೆ ಎಷ್ಟು ಸಂದು ಇದೆ, ಅಂಗೈ ಹೋಗುವಷ್ಟೋ ಬೆರಳು ಹೋಗುವಷ್ಟೋ? ಯಾವ ಹೆಗಲಮೂಳೆ ಹೆಚ್ಚು ಅಗಲವಾಗಿ ಕೂತಿದೆ? ಪ್ರತಿ ಪ್ರಶ್ನೆಯ ನಂತರ ಎರಡು ಉಸಿರಿನಷ್ಟು ಮೌನ. ಪ್ರಶ್ನೆಗೆ ಎರಡು ಉತ್ತರ ಸಾಧ್ಯವಿರಬೇಕು, ಎರಡೂ ತಪ್ಪಲ್ಲದವು. ಹೀಗೆ ಕೇಳಿದರೆ ನಿದ್ದೆ ಬರುವುದಿಲ್ಲ, ಯಾಕೆಂದರೆ ಹೋಲಿಸುವ ಕೆಲಸ ನಡೆಯುತ್ತಿರುತ್ತದೆ. ‘ಸರಿಯಾ?’ ಕೂಡ ಬರುವುದಿಲ್ಲ, ಯಾಕೆಂದರೆ ನೀವು ಕೇಳಿದ್ದು ಏನಿದೆ ಅಂತ, ಹೇಗಿರಬೇಕು ಅಂತ ಅಲ್ಲ.

ಆಮೇಲೆ ಮೊಣಕಾಲು ಮಡಚಿ ಪಾದ ನೆಲಕ್ಕೆ ಊರಿ, ಎರಡು ಪಾದಗಳ ನಡುವೆ ತೊಡೆಸಂದುಗಳಷ್ಟೇ ಅಂತರ. ಕಟಿಯ ಹಿಂಭಾಗದಲ್ಲಿ ಒಂದು ಗಡಿಯಾರದ ಮುಖ ಇದೆ ಅಂದುಕೊಳ್ಳಲಿ: 12 ಸೊಂಟದ ಕಡೆ, 6 ಬಾಲಮೂಳೆಯ ಕಡೆ. 12ರ ಕಡೆ ಉರುಳಿದಾಗ ಕೆಳಬೆನ್ನು ನೆಲ ಸೇರುತ್ತದೆ, 6ರ ಕಡೆ ಉರುಳಿದಾಗ ಕಮಾನಾಗುತ್ತದೆ. ಹತ್ತು ಹದಿನೈದು ಸಲ, ಪ್ರತಿ ಸಲ ಸ್ವಲ್ಪ ಕಡಿಮೆ ಶ್ರಮದಲ್ಲಿ. ಕಾಲು ಚಾಚಿ ಒಂದು ನಿಮಿಷ ವಿಶ್ರಾಂತಿ. ನಂತರ 3ರಿಂದ 9ಕ್ಕೆ. ಮತ್ತೆ ವಿಶ್ರಾಂತಿ. ಆಮೇಲೆ 12ರಿಂದ 3ರವರೆಗಿನ ಕಾಲು ವೃತ್ತ, ಒಂದೊಂದೇ ಗಂಟೆ ಎಣಿಸುತ್ತಾ. ಇಲ್ಲಿ ಎಲ್ಲೋ ಒಂದು ಅಂಕಿ ಹಾರಿಹೋಗುತ್ತದೆ, 12ರಿಂದ 2ಕ್ಕೆ ಜಿಗಿಯುತ್ತದೆ. ಆ ಜಿಗಿತವೇ ಪಾಠದ ತಿರುಳು. ಅದನ್ನು ತಿದ್ದಬೇಡಿ, ‘ಯಾವ ಅಂಕಿ ಸಿಗುತ್ತಿಲ್ಲ?’ ಅಂತ ಕೇಳಿ, ಆ ಜಾಗದ ಆಚೀಚೆ ಇನ್ನೂ ಸಣ್ಣದಾಗಿ ಓಡಾಡಲು ಬಿಡಿ. ಕೊನೆಗೆ ಪೂರ್ತಿ ವೃತ್ತ, ಎರಡೂ ದಿಕ್ಕಿಗೆ.

ಕೆಡುವುದು ಎಲ್ಲಿ ಅಂದರೆ, ನೃತ್ಯಗಾರರು ಪೃಷ್ಠ ಬಿಗಿದು ಕಿಬ್ಬೊಟ್ಟೆ ಒಳಗೆಳೆದು ದೊಡ್ಡ ಚಲನೆ ಮಾಡಿ ತೋರಿಸುತ್ತಾರೆ. ಗುರುತು ಹಿಡಿಯುವುದು ಸುಲಭ: ಉಸಿರು ನಿಂತಿರುತ್ತದೆ, ದವಡೆ ಕಚ್ಚಿರುತ್ತದೆ, ಮತ್ತು ತಲೆ ಕಲ್ಲಿನಂತೆ ಅಲುಗದೆ ಇರುತ್ತದೆ. ಕಟಿಯ ಚಲನೆ ಬೆನ್ನುಮೂಳೆಯುದ್ದಕ್ಕೂ ಹಾಯ್ದರೆ ಗಲ್ಲ ತಾನಾಗಿ ಕೂದಲೆಳೆಯಷ್ಟು ಮೇಲೆ ಕೆಳಗೆ ತೂಗುತ್ತದೆ. ಅದನ್ನು ನೋಡುತ್ತಿರಿ, ಆದರೆ ‘ಗಲ್ಲ ಅಲುಗಬೇಕು’ ಅಂತ ಮುಂಚೆಯೇ ಹೇಳಿದರೆ ಎಲ್ಲರೂ ಗಲ್ಲವನ್ನು ಬೇಕೆಂದೇ ಅಲುಗಿಸುತ್ತಾರೆ, ಪಾಠ ಅಲ್ಲಿಗೆ ಮುಗಿಯಿತು.

ಮಾಡಿ ತೋರಿಸುವುದನ್ನು ತರಬೇತಿಯ ಮೊದಲ ವರ್ಷ ಪೂರ್ತಿ ಬಿಟ್ಟುಬಿಡಿ ಅನ್ನುವುದು ನನ್ನ ಸಲಹೆ. ಕಣ್ಣಿಗೆ ಒಂದು ಮಾದರಿ ಬಿದ್ದ ಮೇಲೆ ಮೈಯ ಮಾತು ಕೇಳಿಸುವುದಿಲ್ಲ.

ನೆಲದ ಬಗ್ಗೆಯೂ ಹೇಳಿಬಿಡುತ್ತೇನೆ. ದಪ್ಪ ಮೆತ್ತನೆ ಹಾಸಿಗೆ ಬೇಡ, ಅದು ಮೂಳೆಯನ್ನು ನುಂಗಿಬಿಡುತ್ತದೆ, ನೆಲ ತಿರುಗಿ ಒತ್ತದಿದ್ದರೆ ಸುದ್ದಿಯೇ ಬರುವುದಿಲ್ಲ. ಮರದ ನೆಲದ ಮೇಲೆ ಒಂದು ಮಡಿಕೆ ಕಂಬಳಿ ಸಾಕು. ಅಂಗಾತ ಮಲಗಿದಾಗ ಹಣೆ ಗಲ್ಲಕ್ಕಿಂತ ಕೆಳಗೆ ಹೋಗುವವರಿಗೆ ತಲೆಯಡಿ 2–3 ಸೆಂಟಿಮೀಟರ್ ಮಡಚಿದ ಬಟ್ಟೆ. ಮಲಗಿದ ಮೈ ಬೇಗ ತಣ್ಣಗಾಗುತ್ತದೆ, ಹೊದೆಯಲು ಏನಾದರೂ ಇರಲಿ. ಮಲಗಿರುವಾಗ ಕಾಲುಚೀಲ ಇದ್ದರೆ ಇರಲಿ, ಎದ್ದು ಕುಣಿಯುವ ಮೊದಲು ತೆಗೆಸಿ. ಜಾರುವ ಪಾದ ಇಡೀ ಕಾಲನ್ನು ಬಿಗಿ ಮಾಡುತ್ತದೆ.


ಹಗುರಹೆಜ್ಜೆ

ತುಂಬಾ ಉಪಯೋಗವಾಯಿತು, ಎಲ್ಲರಿಗೂ ವಂದನೆ. ಒಂದು ಉಪಪ್ರಶ್ನೆ. ನೆಲದ ಮೇಲೆ ಚೆನ್ನಾಗಿ ಮೆತ್ತಗಾದ ಮೈ, ಎದ್ದು ನೃತ್ಯಕ್ಕೆ ಬಂದ ಕೂಡಲೇ ಹಳೆಯ ರೂಢಿಗೆ ಹೋಗಿಬಿಡುತ್ತದೆ. ನೆಲಕ್ಕೂ ನೃತ್ಯಕ್ಕೂ ನಡುವಿನ ಈ ಹಾದಿಯನ್ನು ಹೇಗೆ ದಾಟಿಸುವುದು? ಸಂಗೀತ ಯಾವಾಗ ಹಾಕಬೇಕು?


ಅನುಲಯ

ಹಗುರಹೆಜ್ಜೆಯವರೇ, ನೀವು ಹೇಳಿದ್ದು ಸೊಮ್ಯಾಟಿಕ್ ನೃತ್ಯದಲ್ಲಿ ಎಲ್ಲಕ್ಕಿಂತ ಕಷ್ಟದ ಜಾಗ. ‘ಸರಿ, ಎಲ್ಲರೂ ಎದ್ದೇಳಿ’ ಎಂಬ ಒಂದೇ ವಾಕ್ಯ ಅರ್ಧ ಗಂಟೆಯ ಕೆಲಸವನ್ನು ಅಳಿಸಿಬಿಡಬಹುದು. ಅಂಗಾತದಿಂದ ನೇರವಾಗಿ ಎದ್ದು ಕೂರುವುದಕ್ಕೆ ಹೊಟ್ಟೆ, ಕುತ್ತಿಗೆ ಎರಡೂ ಬಿಗಿಯಬೇಕು. ಏಳುವುದನ್ನೇ ಪಾಠ ಮಾಡಿ, ಹತ್ತು ನಿಮಿಷ ಕೊಡಿ. ಮಗ್ಗುಲಿಗೆ ಉರುಳಿ, ಅಲ್ಲಿ ತುಸು ಹೊತ್ತು, ಕೈ ಒತ್ತಿ ಪಕ್ಕಕ್ಕೆ ಕೂತು, ಅಂಬೆಗಾಲು, ಒಂದು ಪಾದ ಊರಿ ಸುರುಳಿಯಾಗಿ ನಿಲ್ಲುವುದು. ಮತ್ತೆ ಅದೇ ದಾರಿಯಲ್ಲಿ ನೆಲಕ್ಕೆ. ಮೂರು ನಾಲ್ಕು ಸಲ ಹತ್ತಿ ಇಳಿದರೆ ಏಳುವುದೇ ನೃತ್ಯವಾಗಿರುತ್ತದೆ, ದಾಟಬೇಕಾದ ಹಾದಿಯೇ ಉಳಿದಿರುವುದಿಲ್ಲ.

ನಿಂತ ಮೇಲೆ ತಕ್ಷಣ ಹೆಜ್ಜೆ ಬೇಡ. 1972ರಲ್ಲಿ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್‌ಗೆ (ಮೈಗೆ ಮೈ ತಾಗಿಸಿ, ಭಾರ ಹಂಚಿಕೊಂಡು ಆಶುವಾಗಿ ಕುಣಿಯುವ ನೃತ್ಯ) ನಾಂದಿ ಹಾಡಿದ ಸ್ಟೀವ್ ಪ್ಯಾಕ್ಸ್‌ಟನ್ ಅವರ ‘ಸಣ್ಣ ನೃತ್ಯ’ ಇಲ್ಲಿ ದಿವ್ಯ. ಸುಮ್ಮನೆ ನಿಲ್ಲುವುದು, ಅಷ್ಟೇ. ನಾಲ್ಕೈದು ನಿಮಿಷ. ಬೀಳದಂತೆ ಮೈ ತಾನೇ ಮಾಡಿಕೊಳ್ಳುವ ತೀರಾ ಸಣ್ಣ ತೂಗಾಟ ಕಣಕಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ ತಿಳಿಯತೊಡಗುತ್ತದೆ. ಆಮೇಲೆ ಆ ತೂಗಾಟ ಒಂದಿಷ್ಟು ದೊಡ್ಡದಾಗಲಿ, ಇನ್ನಷ್ಟು ದೊಡ್ಡದಾಗಲಿ, ಬೀಳುವ ಅಂಚಿಗೆ ಬಂದಾಗ ಪಾದ ತಾನಾಗಿ ಮುಂದೆ ಬರಲಿ. ಮೊದಲ ಹೆಜ್ಜೆ ಹಾಗೆ ಹುಟ್ಟಬೇಕು. ಇಲ್ಲಿಂದ ಮುಂದಿನ ಇಪ್ಪತ್ತು ನಿಮಿಷಕ್ಕೆ ಒಂದೇ ಒಂದು ವಿಷಯ ಕೊಡಿ, ನೆಲದ ಪಾಠದಲ್ಲಿ ಬಂದದ್ದೇ ಆಗಿರಲಿ. ಗಡಿಯಾರದ ಪಾಠವಾದರೆ ‘ಕಟಿಯ ಯಾವ ಅಂಕಿ ನಿಮ್ಮನ್ನು ಜಾಗ ದಾಟಿಸುತ್ತಿದೆ?’ ಎಂಬ ಪ್ರಶ್ನೆ ಸಾಕು. ಹೊಸ ಶಿಕ್ಷಕರು ಮಾಡುವ ದೊಡ್ಡ ತಪ್ಪು ಈ ಹಂತದಲ್ಲಿ ಮೂರು ನಾಲ್ಕು ಹೊಸ ವಿಷಯ ತುರುಕುವುದು. ಆಗ ಜನ ಯೋಚಿಸಲು ತೊಡಗುತ್ತಾರೆ, ಯೋಚಿಸುವ ಮೈ ರೂಢಿಗೇ ಮರಳುತ್ತದೆ.

ಸಂಗೀತ ಅಲ್ಲಿಯವರೆಗೆ ಬೇಡ. ಲಯ ಕೇಳಿದ ಕೂಡಲೇ ನೃತ್ಯಗಾರರ ಕಾಲು ಎಣಿಸತೊಡಗುತ್ತದೆ. ಸಣ್ಣ ನೃತ್ಯ ಹೆಜ್ಜೆಯಾದ ಮೇಲೆ ಹಾಕಿ, ಸಾಹಿತ್ಯವಿಲ್ಲದ್ದು, ತಮ್ಮ ಉಸಿರು ತಮಗೆ ಕೇಳಿಸುವಷ್ಟು ಮೆಲ್ಲಗೆ. ಮತ್ತೆ ಕೊನೆಯ ಐದು ನಿಮಿಷ ಮೌನಕ್ಕೆ ತನ್ನಿ.

75 ನಿಮಿಷದ ತರಗತಿಯಾದರೆ ನೆಲದ ಗಮನ ಮತ್ತು ಪಾಠಕ್ಕೆ 30, ಏಳುವುದಕ್ಕೆ 10, ನಿಲುವಿಗೆ 5, ನೃತ್ಯಕ್ಕೆ 20, ಮತ್ತೆ ಮಲಗಿ ಮೊದಲಿನ ಪ್ರಶ್ನೆಗಳನ್ನೇ ಕೇಳುವುದಕ್ಕೆ 5, ಬಾಕಿ 5 ಮಾತಿಗೆ. ಗಡಿಯಾರದಂಥ ಪೂರ್ಣ ಪಾಠ ಇದರಲ್ಲಿ ಹಿಡಿಯುವುದಿಲ್ಲ, ಎರಡು ತರಗತಿಗೆ ಒಡೆಯಬೇಕಾಗುತ್ತದೆ. ಕೊನೆಯ ಗಮನವನ್ನು ಹೊತ್ತಾಯಿತು ಅಂತ ಕತ್ತರಿಸಬೇಡಿ. ಏನು ಬದಲಾಯಿತು ಅಂತ ಮೈಗೆ ತಿಳಿಯುವುದು ಅಲ್ಲೇ.


ಕೀಲುಮೂಳೆ

ಅನುಲಯ ಅವರ ಒಂದು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮಾಡಿ ತೋರಿಸುವುದನ್ನು ಪೂರ್ತಿ ಬಿಟ್ಟರೆ ಕಿವಿ ಮಂದ ಇರುವವರು, ಭಾಷೆ ಅಷ್ಟಾಗಿ ಬಾರದವರು, ಎಡ–ಬಲ ಗೊಂದಲ ಇರುವವರು ಪಾಠದಿಂದ ಹೊರಗೇ ಉಳಿಯುತ್ತಾರೆ. ತೋರಿಸಿ, ಆದರೆ ಎರಡು ಬೇರೆಬೇರೆ ರೀತಿಯಲ್ಲಿ ತೋರಿಸಿ: ಒಮ್ಮೆ ಸಣ್ಣದಾಗಿ ನಿಧಾನವಾಗಿ, ಒಮ್ಮೆ ಬೇರೆ ಕೋನದಲ್ಲಿ. ಎರಡು ಮಾದರಿ ಕಂಡರೆ ನಕಲು ಮಾಡಲು ಒಂದು ಮಾದರಿ ಸಿಗುವುದಿಲ್ಲ. ತೋರಿಸಿ ಆದ ಮೇಲೆ ಕೋಣೆಯ ಮುಂದೆ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ.

ಈಗ ಸುರಕ್ಷತೆ. ತರಗತಿಗೆ ಮುಂಚೆ ಒಂದು ಪುಟದ ಪ್ರಶ್ನಾವಳಿ ತುಂಬಿಸಿ. ಕೆಳಗಿನವು ಇದ್ದರೆ ಪಾಠ ಬದಲಾಗಲೇಬೇಕು. ಮೂಳೆ ಸವೆತ (ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್) ಇರುವವರಿಗೆ ಬೆನ್ನು ಉರುಳಿಸಿ ಮುಂದಕ್ಕೆ ಬಾಗುವುದು, ಅದರ ಜೊತೆ ತಿರುಗುವುದು ಬೇಡ, ಕಶೇರು ಮುರಿಯುವ ಅಪಾಯವಿದೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಇರುವವರಿಗೆ ತಲೆ ಹೃದಯಕ್ಕಿಂತ ಕೆಳಗೆ ಹೋಗುವ ಭಂಗಿ ಬೇಡ. ಒಳಗಿವಿಯ ತೊಂದರೆಯಿಂದ ತಲೆ ಹೊರಳಿಸಿದಾಗ ಸುತ್ತು ಬರುವವರಿಗೆ ತಲೆ ಹೊರಳಿಸುವ ಪಾಠವನ್ನು ಕಣ್ಣಿನ ಚಲನೆಯಾಗಿ ಬದಲಿಸಿ. ತೊಡೆಸಂದಿನ ಕೀಲು ಬದಲಾಯಿಸಿಕೊಂಡವರು ಕಾಲು ಅಡ್ಡ ದಾಟಿಸುವುದು, ಆಳವಾಗಿ ಮಡಚುವುದು ಶಸ್ತ್ರಚಿಕಿತ್ಸಕರು ಹೇಳಿದ ಮಿತಿಯೊಳಗೇ ಇರಬೇಕು. ಗರ್ಭಿಣಿಯರು 20 ವಾರ ದಾಟಿದ ಮೇಲೆ ಹೆಚ್ಚು ಹೊತ್ತು ಅಂಗಾತ ಮಲಗಬಾರದು, ಎಡ ಮಗ್ಗುಲಿಗೆ ಪಾಠ ಹೊಂದಿಸಿ. ಕಾಲಿಗೆ ಹರಿಯುವ ಹೊಸ ಮರಗಟ್ಟುವಿಕೆ, ಮೂತ್ರ ಹಿಡಿತ ತಪ್ಪುವುದು, ರಾತ್ರಿ ಎಚ್ಚರಿಸುವ ನೋವು, ಇವು ಕೇಳಿದರೆ ಆ ದಿನ ಪಾಠ ಬೇಡ, ವೈದ್ಯರ ಬಳಿ ಕಳಿಸಿ. ‘ಸ್ವಲ್ಪ ಸ್ವಲ್ಪ ಮಾಡಿ ನೋಡೋಣ’ ಅನ್ನುವುದು ಇಲ್ಲಿ ಕರುಣೆ ಅಲ್ಲ.

ಮುಟ್ಟುವ ವಿಷಯ. ತರಗತಿಯ ಶುರುವಿನಲ್ಲಿ ಒಮ್ಮೆ ಕೇಳಿದ ಒಪ್ಪಿಗೆ ಸಾಲದು, ಪ್ರತಿ ಸಲ ಕೇಳಬೇಕು, ಎಲ್ಲಿ ಮುಟ್ಟುತ್ತೀರಿ ಎಂದು ಹೆಸರಿಸಿ: ‘ನಿಮ್ಮ ಎಡ ಹೆಗಲಮೂಳೆಯ ಮೇಲೆ ಅಂಗೈ ಇಡಲೇ?’ ಕಣ್ಣು ಮುಚ್ಚಿ ಮಲಗಿದವರ ಬಳಿ ಸದ್ದಿಲ್ಲದೆ ಹೋಗಿ ಕೈ ಇಡುವುದು ಎಂದೂ ಕೂಡದು. ‘ಬೇಡ’ ಅನ್ನುವುದು ಸುಲಭವಾಗಲಿ ಅಂತ ಕೆಲವರು ಎರಡು ಬಣ್ಣದ ಬಿಲ್ಲೆ ಇಡುತ್ತಾರೆ, ವಿದ್ಯಾರ್ಥಿ ತಿರುಗಿಸಿಟ್ಟರೆ ಮುಟ್ಟುವಂತಿಲ್ಲ. ಒಳ್ಳೆಯ ಪದ್ಧತಿ. ಕಣ್ಣು ಮುಚ್ಚುವುದೂ ಕಡ್ಡಾಯವಲ್ಲ, ‘ಮುಚ್ಚಬಹುದು, ಅಥವಾ ನೋಟ ನೆಲದ ಮೇಲಿರಲಿ’ ಅನ್ನಿ.

ನಡುವೆ ಯಾರಾದರೂ ನಡುಗತೊಡಗಿದರೆ, ಅಳತೊಡಗಿದರೆ, ಉಸಿರು ಮೇಲೆ ಮೇಲೆ ಹೋದರೆ ‘ಜೋರಾಗಿ ಉಸಿರಾಡಿ, ಹೊರಗೆ ಬರಲಿ’ ಅನ್ನಬೇಡಿ. ಕಣ್ಣು ತೆರೆಸಿ, ಕೂರಿಸಿ, ಪಾದ ನೆಲಕ್ಕೆ ಒತ್ತಿಸಿ, ಕೋಣೆಯಲ್ಲಿ ಕಾಣುವ ನಾಲ್ಕೈದು ವಸ್ತುಗಳ ಹೆಸರು ಕೇಳಿ. ನೀರು ಕೊಡಿ. ಇದರ ಅರ್ಥ ಏನು ಅಂತ ನೀವು ಹೇಳಲು ಹೋಗಬೇಡಿ. ಅದು ಮನೋಚಿಕಿತ್ಸಕರ ಕೆಲಸ. ಕಳಿಸಲು ಅಂಥವರ ಪಟ್ಟಿ ಮೊದಲೇ ನಿಮ್ಮ ಬಳಿ ಇರಲಿ.


ನೆಲದಾಸರೆ

ಕೊನೆಯದಾಗಿ ಕಲಿಸುವುದನ್ನು ಕಲಿಯುವ ಬಗ್ಗೆ. ತರಬೇತಿ ಮುಗಿಯುವವರೆಗೆ ಕಾಯಬೇಡಿ, ಆದರೆ ಮೇಲಿನಿಂದಲೂ ಶುರು ಮಾಡಬೇಡಿ. ಮೊದಲು ಒಬ್ಬರಿಗೆ 15 ನಿಮಿಷ, ಒಂದೇ ಪಾಠ, ವಾರಕ್ಕೆರಡು ಸಲ. ಒಬ್ಬರ ಉಸಿರು, ದವಡೆ, ಬೆರಳು ಮೂರನ್ನೂ ಒಟ್ಟಿಗೆ ನೋಡಲು ಬಂದ ಮೇಲೆ ಮೂವರು, ಆಮೇಲೆ ಎಂಟು. ಎಂಟು ದಾಟಿದರೆ ಹೊಸ ಕಣ್ಣಿಗೆ ಯಾರೂ ಕಾಣುವುದಿಲ್ಲ.

ಪ್ರತಿ ಪಾಠದ ದನಿಯನ್ನು ರೆಕಾರ್ಡ್ ಮಾಡಿ (ವಿದ್ಯಾರ್ಥಿಯ ಒಪ್ಪಿಗೆ ಪಡೆದು) ಅದರಲ್ಲಿ ಹತ್ತು ನಿಮಿಷವನ್ನು ಅಕ್ಷರಕ್ಕಕ್ಷರ ಬರೆದುಕೊಳ್ಳಿ. ಬೇಸರದ ಕೆಲಸ, ಆದರೆ ಇದಕ್ಕೆ ಸಮನಾದ ಗುರು ಇಲ್ಲ. ಬರೆದ ಹಾಳೆಯಲ್ಲಿ ಮೂರು ಬಣ್ಣ ಹಾಕಿ: ಎಲ್ಲಿ ಏನು ಮಾಡಬೇಕು ಎಂಬ ಸೂಚನೆ ಒಂದು ಬಣ್ಣ, ಎಲ್ಲಿ ಗಮನಿಸಬೇಕು ಎಂಬ ಪ್ರಶ್ನೆ ಇನ್ನೊಂದು, ಹೊಗಳಿಕೆ–ತಿದ್ದುಪಡಿ ಮೂರನೆಯದು. ಮೊದಮೊದಲು ಹಾಳೆ ತುಂಬಾ ಮೊದಲ ಮತ್ತು ಮೂರನೆಯ ಬಣ್ಣವೇ ಇರುತ್ತದೆ. ‘ಹಾಂ, ಚೆನ್ನಾಗಿದೆ, ಹಾಗೇ’ ಎಂಬ ಮಾತನ್ನು ಎಣಿಸಿ; ಅದೊಂದೊಂದೂ ವಿದ್ಯಾರ್ಥಿಯ ಗಮನವನ್ನು ಅವರ ಮೈಯಿಂದ ಕಿತ್ತು ನಿಮ್ಮ ಮೆಚ್ಚುಗೆಯ ಕಡೆ ತಿರುಗಿಸಿದೆ. ‘ಸರಿಯಾ?’ ಎಂಬ ಪ್ರಶ್ನೆಯ ಬಿತ್ತನೆ ನಡೆಯುವುದೂ ಅಲ್ಲೇ.

ಆಮೇಲೆ ಮೌನಗಳನ್ನು ಅಳೆಯಿರಿ. ಕಲಿಸುವವರಿಗೆ ಹತ್ತು ಸೆಕೆಂಡು ಒಂದು ನಿಮಿಷದಷ್ಟು ಉದ್ದ ಅನಿಸುತ್ತದೆ, ಮಲಗಿದವರಿಗೆ ಅದು ಒಂದು ಸಲ ಉರುಳಿ ಬರಲೂ ಸಾಲದು. ಇದಕ್ಕೆ ಮದ್ದು ಸರಳ: ಸೂಚನೆ ಕೊಟ್ಟ ಮೇಲೆ ಆ ಚಲನೆಯನ್ನು ನೀವೂ ಮನಸ್ಸಿನಲ್ಲೇ ಮೂರು ಸಲ ಪೂರ್ತಿ ಮಾಡಿ, ನಿಮ್ಮ ಉಸಿರು ತಾನಾಗಿ ಒಮ್ಮೆ ಹೊರಗೆ ಹೋಗಲಿ, ಮುಂದಿನ ಮಾತು ಆಮೇಲೆ.